ಸೋರುವ ಕೊಳವೆ, ಕರಗುವ ಬಂಡವಾಳ: ಅಂಗಡಿ, ಗೋದಾಮು ಮತ್ತು ಕಾರ್ಖಾನೆಗಳಲ್ಲಿ ನೀರಿನ ಕೊಳವೆಗಳ ನಿರ್ವಹಣೆ

ಗುಂಡ್ಲುಪೇಟೆ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅದಕ್ಕೆ ಕುಡಿಯುವ ನೀರನ್ನೊದಗಿಸುವ ಕಬಿನಿ ನದಿಯು ನಂಜನಗೂಡಿನ ಬಳಿ ಸುಮಾರು 650 ಮೀಟರ್ ಎತ್ತರದಲ್ಲಿ ಹರಿಯುತ್ತದೆ. ಅಂದರೆ ನದಿಯ ನೀರು ಪಟ್ಟಣದ ನಲ್ಲಿಗೆ ಬರಬೇಕಾದರೆ ಹತ್ತಾರು ಕಿಲೋಮೀಟರ್ ದೂರ ಸಾಗುವುದರ ಜೊತೆಗೆ ಸುಮಾರು 150 ಮೀಟರ್ ಮೇಲಕ್ಕೇರಬೇಕು. ಒಂದು ಸಾವಿರ ಲೀಟರ್ ನೀರನ್ನು ಇಷ್ಟು ಎತ್ತರಕ್ಕೇರಿಸಲು ಲೆಕ್ಕದ ಪ್ರಕಾರವೇ 0.4 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟಾರುಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಅದು 0.7 ಯೂನಿಟ್ ಸಮೀಪಿಸುತ್ತದೆ. ಚಾಮರಾಜನಗರಕ್ಕೆ ತಿರುಮಕೂಡಲು ನರಸೀಪುರದ ಕಡೆಯಿಂದ ಬರುವ ಕಾವೇರಿ ನೀರೂ ಪಂಪಿನ ಬಲದಿಂದಲೇ ಬರತಕ್ಕದ್ದು. ನದಿಯ ನೀರು ಸಾಲದೆ ಬಂದಾಗ ಕೊಳವೆಬಾವಿ, ಕೊಳವೆಬಾವಿ ಬತ್ತಿದಾಗ ಟ್ಯಾಂಕರ್ ಎಂಬುದು ನಮ್ಮ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಹೊಸ ವಿಷಯವಲ್ಲ. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ್ದನ್ನು ಯಾರೂ ಮರೆತಿರಲಾರರು.

ಹೀಗೆ ಪ್ರತಿ ಹಂತದಲ್ಲಿಯೂ ಹಣ ತೆತ್ತು ತಂದ ನೀರು ಕೊನೆಯ ಐವತ್ತು ಅಡಿಗಳಲ್ಲಿ, ನಮ್ಮದೇ ಆವರಣದ ಕೊಳವೆಯಿಂದ ಸೋರಿ ಮಣ್ಣುಪಾಲಾದರೆ ಅದನ್ನು ಯಾವ ಖಾತೆಗೆ ಬರೆಯಬೇಕು? ತೂಕದಲ್ಲಿ ನೂರು ಗ್ರಾಂ ವ್ಯತ್ಯಾಸವಾದರೆ ಕೂಡಲೇ ಗಮನಿಸುವ ನಾವು ಈ ನಷ್ಟವನ್ನು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ಸೋರಿಕೆಯು ಏಕೆ ಆಗುತ್ತದೆ, ಅದನ್ನು ಹೇಗೆ ಪತ್ತೆ ಹಚ್ಚಬೇಕು, ಕೊಳವೆ ಒಡೆದಾಗ ಮೊದಲು ಮಾಡಬೇಕಾದುದೇನು, ವಿಮೆ ಮತ್ತು ತೆರಿಗೆಗಳ ದೃಷ್ಟಿಯಿಂದ ಎಚ್ಚರ ವಹಿಸಬೇಕಾದ ಅಂಶಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸಣ್ಣ ರಂಧ್ರದ ದೊಡ್ಡ ಲೆಕ್ಕ

ಹತ್ತು ಮೀಟರ್ ಎತ್ತರದ ನೀರಿನ ಕಂಬವು ತನ್ನ ಬುಡದಲ್ಲಿ ಚದರ ಸೆಂಟಿಮೀಟರಿಗೆ ಸರಿಸುಮಾರು ಒಂದು ಕಿಲೋಗ್ರಾಂ ಒತ್ತಡವನ್ನುಂಟುಮಾಡುತ್ತದೆ. ಎರಡು ಅಂತಸ್ತಿನ ಕಟ್ಟಡದ ತಾರಸಿಯ ಮೇಲೆ ತೊಟ್ಟಿಯಿದ್ದರೆ ನೆಲಮಟ್ಟದ ಕೊಳವೆಯಲ್ಲಿ ಇರುವುದು ಹೆಚ್ಚು ಕಡಿಮೆ ಇಷ್ಟೇ ಒತ್ತಡ. ಈ ಸಾಧಾರಣ ಒತ್ತಡದಲ್ಲಿ ಕೊಳವೆಯ ಮೇಲೆ 3 ಮಿಲಿಮೀಟರ್ ಅಗಲದ ಒಂದೇ ಒಂದು ರಂಧ್ರವಿದ್ದರೆ ಗಂಟೆಗೆ ಸುಮಾರು 200 ಲೀಟರ್, ದಿನಕ್ಕೆ ಸುಮಾರು 5,000 ಲೀಟರ್ ನೀರು ಹೊರಹೋಗುತ್ತದೆ. ಇದು ಒಂದು ಸಾಮಾನ್ಯ ಟ್ಯಾಂಕರಿನ ನೀರು. ರಂಧ್ರವು 2 ಮಿಲಿಮೀಟರ್ ಆಗಿದ್ದರೂ ದಿನಕ್ಕೆ 2,000 ಲೀಟರಿಗೆ ಕಡಿಮೆಯಿಲ್ಲ. ಒತ್ತಡವು ನಾಲ್ಕು ಪಟ್ಟಾದರೆ ಸೋರಿಕೆಯು ಎರಡು ಪಟ್ಟಾಗುತ್ತದೆ.

ಆ ನೀರು ನೂರು ಮೀಟರ್ ಆಳದ ಕೊಳವೆಬಾವಿಯಿಂದ ಬಂದದ್ದೆಂದು ಭಾವಿಸೋಣ. ಸಬ್‌ಮರ್ಸಿಬಲ್ ಪಂಪು, ಮೋಟಾರು ಎರಡೂ ಸೇರಿ ಅರ್ಧದಷ್ಟು ದಕ್ಷತೆಯಿಂದ ಕೆಲಸ ಮಾಡಿದರೆ 5,000 ಲೀಟರ್ ಎತ್ತಲು ದಿನಕ್ಕೆ ಸುಮಾರು 2.7 ಯೂನಿಟ್, ತಿಂಗಳಿಗೆ 80 ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ. ತಮ್ಮ ಬಿಲ್ಲಿನಲ್ಲಿರುವ ದರದಿಂದ ಇದನ್ನು ಗುಣಿಸಿ ನೋಡಿದರೆ ಒಂದು ಕಾಲರ್ ಮತ್ತು ಪ್ಲಂಬರನ ಅರ್ಧ ದಿನದ ಕೂಲಿ ಎಷ್ಟು ಅಗ್ಗವೆಂಬುದು ತಿಳಿಯುತ್ತದೆ.

ತೊಟ್ಟಿಕ್ಕುವ ನಲ್ಲಿಯ ಲೆಕ್ಕವನ್ನು ಊಹೆಗೆ ಬಿಡಬೇಕಾಗಿಲ್ಲ. ಕೆಳಗೆ ಒಂದು ಅಳತೆಯ ಪಾತ್ರೆಯಿಟ್ಟು ಗಡಿಯಾರ ನೋಡಿದರೆ ಸಾಕು. ಹತ್ತು ನಿಮಿಷಕ್ಕೆ ಒಂದು ಲೀಟರ್ ತುಂಬಿದರೆ ದಿನಕ್ಕೆ 144 ಲೀಟರ್. ಕಣ್ಣಿಗೆ ಕಾಣುವ ತೊಟ್ಟಿಗಿಂತ ಕಾಣದ ಸೋರಿಕೆಯೇ ಹೆಚ್ಚು ನಷ್ಟವುಂಟುಮಾಡುವುದೆಂಬುದನ್ನು ಮಾತ್ರ ಮರೆಯಬಾರದು. ನೆಲದಡಿಯಲ್ಲಿ ಸೋರಿದ ನೀರು ಬುನಾದಿಗೆ ಇಳಿಯುತ್ತದೆಯೇ ಹೊರತು ಬಂದು ಬಾಗಿಲು ತಟ್ಟುವುದಿಲ್ಲ.

ಕೊಳವೆ ಒಡೆಯಲು ಕಾರಣಗಳು

ಶೀತಪ್ರದೇಶಗಳಿಂದ ಬಂದ ಪುಸ್ತಕಗಳಲ್ಲಿ ಕೊಳವೆ ಒಡೆಯಲು ಮೊದಲ ಕಾರಣವಾಗಿ ಹೇಳಿರುವುದು ನೀರು ಹೆಪ್ಪುಗಟ್ಟುವುದನ್ನು. ನಮ್ಮ ಜಿಲ್ಲೆಗೆ ಅದು ಅನ್ವಯಿಸದು. ಇಲ್ಲಿ ಕೊಳವೆಯನ್ನು ಒಡೆಯುವುದು ಬಿಸಿಲು, ಮಣ್ಣು, ಗಾಳಿ ಮತ್ತು ವಿದ್ಯುತ್ ಕಡಿತ.

ವಿದ್ಯುತ್ ಕಡಿತಕ್ಕೂ ಕೊಳವೆಗೂ ಏನು ಸಂಬಂಧವೆಂದು ಕೆಲವರಿಗೆ ಅನಿಸಬಹುದು. ಕೊಳವೆಯೊಳಗೆ ವೇಗವಾಗಿ ಸಾಗುತ್ತಿರುವ ನೀರು ಎಂಬುದು ತೂಕವುಳ್ಳ ಒಂದು ಕಂಬ. ಅದನ್ನು ಹಠಾತ್ತನೆ ತಡೆದರೆ, ಓಡುತ್ತಿರುವ ಗಾಡಿ ಗೋಡೆಗೆ ಗುದ್ದಿದಂತೆ ಒತ್ತಡವು ಒಮ್ಮೆಲೇ ಏರುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುತ್ತಿರುವ ನೀರನ್ನು ತಟ್ಟನೆ ನಿಲ್ಲಿಸಿದರೆ ಜಿ.ಐ. ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 12 ಕಿಲೋಗ್ರಾಂನಷ್ಟು ಹೆಚ್ಚುವರಿ ಒತ್ತಡ ಕ್ಷಣಮಾತ್ರ ಉಂಟಾಗುತ್ತದೆ. ಪಿ.ವಿ.ಸಿ. ಕೊಳವೆಯು ಸ್ವಲ್ಪ ಹಿಗ್ಗುವ ಗುಣವುಳ್ಳದ್ದಾದುದರಿಂದ ಅದರಲ್ಲಿ ಈ ಏರಿಕೆಯು 3ರಿಂದ 4.5 ಕಿಲೋಗ್ರಾಂ. ಆದರೆ ಪಿ.ವಿ.ಸಿ.ಯ ಸಾಮರ್ಥ್ಯವೂ ಅಷ್ಟೇ ಕಡಿಮೆ. ನಲವತ್ತು ಮೀಟರ್ ಎತ್ತರಕ್ಕೆ ನೀರೇರಿಸುವ ಕೊಳವೆಯಲ್ಲಿ ಮೊದಲೇ 4 ಕಿಲೋಗ್ರಾಂ ಒತ್ತಡವಿರುತ್ತದೆ. ಅದರ ಮೇಲೆ ಇನ್ನೊಂದು 4 ಸೇರಿದರೆ 6 ಕಿಲೋಗ್ರಾಂ ದರ್ಜೆಯ ಕೊಳವೆ ಎಷ್ಟು ದಿನ ತಡೆದೀತು? ಮೊದಲ ಹೊಡೆತಕ್ಕೆ ಒಡೆಯದಿದ್ದರೂ ನೂರನೆಯ ಹೊಡೆತಕ್ಕೆ ಎಲ್ಬೋ ಅಥವಾ ಟೀ ಸೀಳುತ್ತದೆ. ‘ನಿನ್ನೆಯವರೆಗೆ ಚೆನ್ನಾಗಿತ್ತು’ ಎಂದು ನಾವು ಹೇಳುವುದು ಇಂಥ ಕೊಳವೆಯ ಬಗ್ಗೆಯೇ.

ವಿದ್ಯುತ್ ಹೋದಾಗ ಪಂಪು ನಿಲ್ಲುತ್ತದೆ. ಮೇಲೇರುತ್ತಿದ್ದ ನೀರು ಹಿಂದಕ್ಕೆ ಬಿದ್ದು ನಾನ್ ರಿಟರ್ನ್ ವಾಲ್ವ್ ಧಡಾರನೆ ಮುಚ್ಚಿಕೊಳ್ಳುತ್ತದೆ. ಆ ಸದ್ದೇ ಒತ್ತಡದ ಹೊಡೆತ. ಇನ್ನೂ ಕೆಟ್ಟ ಸಂದರ್ಭವೆಂದರೆ ಆಟೋ ಸ್ಟಾರ್ಟರ್ ಅಳವಡಿಸಿರುವ ಕಡೆ. ವಿದ್ಯುತ್ ಹೋಗಿ ಕೆಲವೇ ಸೆಕೆಂಡುಗಳಲ್ಲಿ ಮರಳಿದರೆ, ಹಿಂದಕ್ಕೆ ಬೀಳುತ್ತಿರುವ ನೀರಿಗೆ ಎದುರಾಗಿ ಪಂಪು ಮತ್ತೆ ನೀರನ್ನು ತಳ್ಳತೊಡಗುತ್ತದೆ. ಆದುದರಿಂದ ಆಟೋ ಸ್ಟಾರ್ಟರ್ ಇರುವವರು ಮರುಚಾಲನೆಗೆ ಮುನ್ನ ಎರಡು ಮೂರು ನಿಮಿಷ ಕಾಯುವ ಟೈಮರನ್ನು ತಪ್ಪದೆ ಹಾಕಿಸಬೇಕು. ಅದರ ಬೆಲೆ ಒಡೆದ ಒಂದು ಕೊಳವೆಯನ್ನು ಅಗೆದು ತೆಗೆಯುವ ಖರ್ಚಿಗಿಂತ ಕಡಿಮೆ. ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವನ್ನು ಫಟ್ಟನೆ ತಿರುಗಿಸುವ ಅಭ್ಯಾಸವನ್ನೂ ಕೆಲಸಗಾರರಿಗೆ ಬಿಡಿಸಬೇಕು. ದೊಡ್ಡ ಕೊಳವೆಗಳಿಗೆ ನಿಧಾನವಾಗಿ ಮುಚ್ಚುವ ಗೇಟ್ ವಾಲ್ವೇ ಲೇಸು.

ಗಾಳಿಯ ವಿಚಾರ. ಬೀದಿಯ ಕೊಳವೆಯಲ್ಲಿ ದಿನವಿಡೀ ನೀರಿಲ್ಲದಿರುವಾಗ ಅದರೊಳಗೆ ಗಾಳಿ ತುಂಬಿಕೊಳ್ಳುತ್ತದೆ. ನೀರು ಬಿಟ್ಟಾಗ ಆ ಗಾಳಿ ಅದುಮಲ್ಪಟ್ಟು, ಸಿಕ್ಕ ನಲ್ಲಿಯಿಂದ ಬುಸುಗುಟ್ಟುತ್ತಾ ಹೊರಬರುತ್ತದೆ. ಎತ್ತರದ ತಿರುವುಗಳಲ್ಲಿ ಸಿಕ್ಕಿಕೊಂಡ ಗಾಳಿಯು ಹರಿವನ್ನು ತಡೆದು, ಹಠಾತ್ತನೆ ಬಿಟ್ಟುಕೊಟ್ಟಾಗ ಮೇಲೆ ಹೇಳಿದ ಹೊಡೆತವನ್ನೇ ಉಂಟುಮಾಡುತ್ತದೆ. ಉದ್ದನೆಯ ಲೈನುಗಳಲ್ಲಿ ಎತ್ತರದ ಜಾಗದಲ್ಲಿ ಏರ್ ವಾಲ್ವ್ ಇರಬೇಕಾದುದು ಇದೇ ಕಾರಣಕ್ಕೆ. (ಗಾಳಿ ಸಾಗಿದರೂ ಮೀಟರಿನ ಮುಳ್ಳು ತಿರುಗುವುದೆಂಬ ದೂರು ಸುಳ್ಳಲ್ಲ.)

ಬಿಸಿಲಿನ ಪ್ರಭಾವ ತಾರಸಿಯ ಮೇಲೆ ಎದ್ದು ಕಾಣುತ್ತದೆ. ವರ್ಷಗಟ್ಟಲೆ ಬಿಸಿಲು ಬಿದ್ದ ಪಿ.ವಿ.ಸಿ. ಕೊಳವೆಯು ಬಣ್ಣಗೆಟ್ಟು, ಬಿಸ್ಕತ್ತಿನಂತೆ ಪೆಡಸಾಗಿ, ಏಣಿ ತಗುಲಿದರೂ ಸೀಳುತ್ತದೆ. ಇಪ್ಪತ್ತು ಮೀಟರ್ ಉದ್ದದ ಕೊಳವೆಯು ಬೆಳಗಿನ ತಂಪಿನಿಂದ ನಡುಹಗಲಿನ ಕಾವಿಗೆ 25 ಡಿಗ್ರಿ ಬಿಸಿಯೇರಿದರೆ ಸುಮಾರು ಮೂರೂವರೆ ಸೆಂಟಿಮೀಟರ್ ಹಿಗ್ಗುತ್ತದೆ. ಎರಡೂ ತುದಿಗಳನ್ನು ಸಿಮೆಂಟಿನಲ್ಲಿ ಬಿಗಿದಿದ್ದರೆ ಹಿಗ್ಗಲು ಜಾಗವಿಲ್ಲದೆ ಜೋಡಣೆಗಳು ಬಿಟ್ಟುಕೊಳ್ಳುತ್ತವೆ. ಕೊಳವೆಯ ಮೇಲೆ ಅಚ್ಚಾಗಿರುವ ಒತ್ತಡದ ದರ್ಜೆಯು 27 ಡಿಗ್ರಿ ಉಷ್ಣತೆಗೆ ನಿಗದಿಯಾದುದು. ಬಿಸಿಯೇರಿದಂತೆ ಅದು ಕುಗ್ಗುತ್ತದೆ. ಅರಿಶಿನ ಬೇಯಿಸುವ ಕಡೆ, ಹೋಟೆಲುಗಳ ಅಡುಗೆಮನೆಯಲ್ಲಿ, ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕಗಳಲ್ಲಿ ಬಿಸಿನೀರಿಗೆ ಸಾಮಾನ್ಯ ಪಿ.ವಿ.ಸಿ. ಬಳಸುವುದು ತಿಳಿದೂ ಮಾಡುವ ತಪ್ಪು. ಅಲ್ಲಿಗೆ ಸಿ.ಪಿ.ವಿ.ಸಿ. ಅಥವಾ ಲೋಹದ ಕೊಳವೆಯೇ ತಕ್ಕದ್ದು. ತಾರಸಿಯ ಕೊಳವೆಗೆ ನೀರಿನಲ್ಲಿ ಕಲಸುವ ಬಿಳಿಯ ಬಣ್ಣವನ್ನು ಬಳಿಯುವುದು ಅಗ್ಗವೂ ಪರಿಣಾಮಕಾರಿಯೂ ಆದ ರಕ್ಷಣೆ.

ಸಂತೇಮರಹಳ್ಳಿಯ ಕಡೆಯ ಕಪ್ಪುಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದು ರೈತರಿಗೆ ತಿಳಿದದ್ದೇ. ಆ ಚಲನೆಗೆ ಕೊಳವೆಯೂ ಬಾಗಬೇಕಾಗುತ್ತದೆ. ಅಗೆದ ಕಲ್ಲುಮಣ್ಣನ್ನೇ ಮತ್ತೆ ಕೊಳವೆಯ ಮೇಲೆ ಸುರಿಯದೆ, ಕೆಳಗೂ ಸುತ್ತಲೂ ಮರಳು ಅಥವಾ ಜರಡಿ ಹಿಡಿದ ಮಣ್ಣು ಹಾಕಬೇಕು. ಲಾರಿ, ಟ್ರ್ಯಾಕ್ಟರ್ ಹಾಯುವ ಜಾಗದಲ್ಲಿ ಕನಿಷ್ಠ ಮೂರು ಅಡಿ ಆಳವಿರಬೇಕು, ಇಲ್ಲವೇ ದೊಡ್ಡ ಕೊಳವೆಯೊಳಗೆ ಸಣ್ಣ ಕೊಳವೆಯನ್ನು ತೂರಿಸಬೇಕು.

ಗ್ರಾನೈಟ್ ಕತ್ತರಿಸುವ ಮತ್ತು ನುಣುಪುಗೊಳಿಸುವ ಘಟಕಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ಮರುಬಳಕೆಯ ನೀರಿನಲ್ಲಿ ಉಳಿದ ಕಲ್ಲಿನ ಪುಡಿಯು ಉಜ್ಜುಕಾಗದದಂತೆ ವರ್ತಿಸುತ್ತದೆ. ಕೊಳವೆಯ ನೇರಭಾಗ ಚೆನ್ನಾಗಿದ್ದು ಎಲ್ಬೋಗಳ ಹೊರಬಾಗು ಮಾತ್ರ ತೆಳುವಾಗಿ ತೂತಾಗುತ್ತಿದ್ದರೆ ಕಾರಣ ಇದೇ. ಎಲ್ಬೋ ಬದಲಿಸುತ್ತಾ ಹೋಗುವುದರಿಂದ ಪ್ರಯೋಜನವಿಲ್ಲ. ಕೆಸರು ಕೂರುವ ತೊಟ್ಟಿಗೆ ಇನ್ನೊಂದು ಅಂಕಣವನ್ನು ಸೇರಿಸಿ, ತಿರುವುಗಳಿಗೆ ಉದ್ದ ಬಾಗಿನ ಬೆಂಡುಗಳನ್ನು ಹಾಕಿದರೆ ಕೊಳವೆಯ ಜೊತೆಗೆ ಪಂಪಿನ ಆಯುಷ್ಯವೂ ಹೆಚ್ಚುತ್ತದೆ.

ಕೊಳವೆಬಾವಿಯ ಗಡಸು ನೀರು ಜಿ.ಐ. ಕೊಳವೆಯ ಒಳಗೆ ಸುಣ್ಣದ ಪದರವನ್ನು ಕಟ್ಟುತ್ತದೆ. ಒಂದಂಗುಲದ ಕೊಳವೆಯು ಅರ್ಧ ಅಂಗುಲದ್ದಾಗಿ ಪಂಪಿನ ಶ್ರಮ ಹೆಚ್ಚುತ್ತದೆ. ವಿಚಿತ್ರವೆಂದರೆ ಹಳೆಯ ಕೊಳವೆಯಲ್ಲಿ ಕೆಲವೊಮ್ಮೆ ಆ ಪದರವೇ ತುಕ್ಕಿನ ತೂತುಗಳನ್ನು ಮುಚ್ಚಿಕೊಂಡಿರುತ್ತದೆ. ಆಮ್ಲ ಹಾಕಿ ಶುಚಿಗೊಳಿಸಿದ ಮರುದಿನ ಹತ್ತು ಕಡೆ ಸೋರತೊಡಗುತ್ತದೆ.

ಪತ್ತೆ ಹಚ್ಚುವ ಬಗೆ

ಉಪಕರಣಗಳಿಲ್ಲದೆ ಮಾಡಬಹುದಾದ ಪರೀಕ್ಷೆಯನ್ನೇ ಮೊದಲು ಮಾಡಬೇಕು. ರಾತ್ರಿ ಅಂಗಡಿ ಮುಚ್ಚುವಾಗ ಎಲ್ಲ ನಲ್ಲಿಗಳನ್ನು ಮುಚ್ಚಿ, ತೊಟ್ಟಿಗೆ ನೀರು ಹೋಗುವ ವಾಲ್ವನ್ನೂ ನಿಲ್ಲಿಸಿ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳುವುದು. ಬೆಳಿಗ್ಗೆ ಬೀಗ ತೆಗೆದ ಕೂಡಲೇ ಮತ್ತೆ ನೋಡುವುದು. ಆ ರಾತ್ರಿ ಬೀದಿಯ ಕೊಳವೆಗೆ ನೀರು ಬಿಟ್ಟಿದ್ದು ಅಂಕಿ ಬದಲಾಗಿದ್ದರೆ ಸೋರಿಕೆಯು ಮೀಟರಿಗೂ ತೊಟ್ಟಿಯ ವಾಲ್ವಿಗೂ ನಡುವೆ ಇದೆಯೆಂದರ್ಥ. ಮೀಟರಿಲ್ಲದವರು ಸಂಪಿನ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆಯೆಳೆದರಾಯಿತು. ಸಂಪು ಹತ್ತು ಅಡಿ ಉದ್ದ, ಹತ್ತು ಅಡಿ ಅಗಲವಿದ್ದು ನೀರು ಒಂದು ಅಂಗುಲ ಇಳಿದಿದ್ದರೆ ಸುಮಾರು 235 ಲೀಟರ್ ಹೋಗಿದೆಯೆಂದು ತಿಳಿಯಬೇಕು. ಮರುರಾತ್ರಿ ಸಂಪಿನಿಂದ ಹೊರಹೋಗುವ ಕೊಳವೆಯ ವಾಲ್ವನ್ನು ಮುಚ್ಚಿ ಮತ್ತೆ ಪರೀಕ್ಷಿಸಿದರೆ ದೋಷ ಸಂಪಿನದೋ ಕೊಳವೆಯದೋ ಎಂಬುದು ಇತ್ಯರ್ಥವಾಗುತ್ತದೆ. ಲೈನನ್ನು ಹೀಗೆ ಅರ್ಧರ್ಧವಾಗಿ ಬೇರ್ಪಡಿಸುತ್ತಾ ಹೋದರೆ ಮೂರು ನಾಲ್ಕು ರಾತ್ರಿಗಳಲ್ಲಿ ಜಾಗ ಸಿಕ್ಕುತ್ತದೆ. ನೆಲ ಅಗೆಯುವ ಕೆಲಸವನ್ನು ಅನಂತರವೇ ಕೈಗೊಳ್ಳಬೇಕು.

ಅನೇಕ ಸಂದರ್ಭಗಳಲ್ಲಿ ಅಗೆಯುವ ಅಗತ್ಯವೇ ಬೀಳದು. ಮೇಲ್ತೊಟ್ಟಿಯ ಫ್ಲೋಟ್ ವಾಲ್ವ್ ಕೆಟ್ಟು ಹೆಚ್ಚುವರಿ ನೀರು ಓವರ್‌ಫ್ಲೋ ಕೊಳವೆಯ ಮೂಲಕ ನೇರವಾಗಿ ಚರಂಡಿಗೆ ಹೋಗುತ್ತಿರುತ್ತದೆ. ಆ ಕೊಳವೆಯ ಬಾಯಿಯು ಯಾರ ಕಣ್ಣಿಗೂ ಬೀಳದ ಹಿಂಭಾಗದಲ್ಲಿರುವುದು ನಮ್ಮ ಕಟ್ಟಡಗಳ ಸಂಪ್ರದಾಯ! ಅದನ್ನು ಮುಂಬಾಗಿಲ ಕಡೆಗೆ ತಿರುಗಿಸಿದರೆ ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ವಸತಿಗೃಹಗಳಲ್ಲಿ ಶೌಚಾಲಯದ ಫ್ಲಶ್ ತೊಟ್ಟಿಗಳು ಸದ್ದಿಲ್ಲದೆ ಸೋರುತ್ತವೆ. ತೊಟ್ಟಿಗೆ ಬಟ್ಟೆಯ ನೀಲಿಯ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದಾಗ ಕೆಳಗೆ ನೀಲಿಯ ಬಣ್ಣ ಕಂಡರೆ ವಾಷರ್ ಬದಲಿಸಬೇಕು. ಅರಿಶಿನದ ಸೀಮೆಯಲ್ಲಿ ಅರಿಶಿನವನ್ನೇ ಏಕೆ ಹಾಕಬಾರದೆಂದರೆ, ಅದು ತಳಕ್ಕೆ ಕೂರುತ್ತದೆ, ಪಿಂಗಾಣಿಗೆ ಕಲೆಯನ್ನೂ ಬಿಡುತ್ತದೆ.

ಗುಂಡ್ಲುಪೇಟೆಯ ಹೋಟೆಲು ಮತ್ತು ವಸತಿಗೃಹಗಳವರಿಗೆ ಈ ಪರೀಕ್ಷೆಗಳು ಸುಲಭವಲ್ಲವೆಂಬುದು ನಿಜ. ಬಂಡೀಪುರ ಅರಣ್ಯದ ಮೂಲಕ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧವು 2009ರಲ್ಲಿ ಮೊದಲು ಜಾರಿಗೆ ಬಂದಂದಿನಿಂದ ಕೇರಳ, ಊಟಿ ಕಡೆಗೆ ಹೋಗುವವರು ರಾತ್ರಿ ತಂಗಿ ನಸುಕಿನಲ್ಲಿಯೇ ಹೊರಡುವ ಪರಿಪಾಠವಿದೆ. ನೀರಿನ ಬಳಕೆ ರಾತ್ರಿ ಮತ್ತು ಮುಂಜಾವಿನಲ್ಲಿಯೇ ಹೆಚ್ಚು. ಅಂಥವರು ಮಧ್ಯಾಹ್ನ 2ರಿಂದ 4ರ ನಡುವಿನ ವಿರಾಮವನ್ನು ಬಳಸಿಕೊಳ್ಳಬಹುದು; ಒಂದೊಂದು ಅಂತಸ್ತಿಗೂ ಪ್ರತ್ಯೇಕ ವಾಲ್ವ್ ಇದ್ದರೆ ಒಂದು ಅಂತಸ್ತನ್ನು ಮಾತ್ರ ಪರೀಕ್ಷಿಸಬಹುದು.

ಲೋಹದ ಕೊಳವೆಯಾದರೆ ನಿಶ್ಶಬ್ದವಾದ ಹೊತ್ತಿನಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ತಾಗಿಸಿ ಹಿಡಿಯ ಮೇಲೆ ಕಿವಿಯಿಟ್ಟರೆ ಸೋರಿಕೆಯ ಸುಯ್ಯೆಂಬ ಸದ್ದು ಕೇಳಿಸುತ್ತದೆ, ಪಿ.ವಿ.ಸಿ.ಯಲ್ಲಿ ಸದ್ದು ಬಹುಬೇಗ ಅಡಗುವುದರಿಂದ ಈ ಉಪಾಯ ಅಷ್ಟಾಗಿ ನಡೆಯದು. ಅಂಗಡಿಯ ಮುಂದೆ ಜಿನುಗುತ್ತಿರುವ ನೀರು ನಲ್ಲಿಯದೋ ಅಂತರ್ಜಲದ್ದೋ ಎಂಬ ಸಂದೇಹ ಬಂದರೆ ಕ್ಲೋರೋಸ್ಕೋಪ್ ಎಂಬ ಸಣ್ಣ ಪೆಟ್ಟಿಗೆಯ ದ್ರಾವಣವನ್ನು ನಾಲ್ಕು ಹನಿ ಹಾಕಿ ನೋಡಬಹುದು. ಹಳದಿ ಬಣ್ಣ ಬಂದರೆ ಅದು ಕ್ಲೋರಿನ್ ಬೆರೆಸಿದ ಸರಬರಾಜಿನ ನೀರು. ಬಣ್ಣ ಬಾರದಿದ್ದ ಮಾತ್ರಕ್ಕೆ ಅಲ್ಲವೆಂದು ಹೇಳಲಾಗದು. ಮಣ್ಣಿನಲ್ಲಿ ಹಾದುಬರುವಾಗ ಕ್ಲೋರಿನ್ ಕಳೆದುಹೋಗಿರಲೂಬಹುದು.

ಕೊಳವೆ ಒಡೆದಾಗ

ಕ್ರಮ ಮುಖ್ಯ. ಮೊದಲು ವಿದ್ಯುತ್ತಿನ ಮೈನ್ ಸ್ವಿಚ್ಚನ್ನು ಆರಿಸಬೇಕು. ಆದರೆ ಅಲ್ಲಿಗೆ ಹೋಗಲು ನಿಂತ ನೀರಿನಲ್ಲಿ ಹೆಜ್ಜೆಯಿಡಬೇಕಾದರೆ ಅದರ ಗೊಡವೆಗೆ ಹೋಗದೆ ವಿದ್ಯುತ್ ನಿಗಮದವರನ್ನು ಕರೆಯಬೇಕು. ಎರಡನೆಯದಾಗಿ ಮುಖ್ಯ ವಾಲ್ವನ್ನು ಮುಚ್ಚಬೇಕು. ಮೂರನೆಯದಾಗಿ, ಒಡೆದ ಜಾಗಕ್ಕಿಂತ ತಗ್ಗಿನಲ್ಲಿರುವ ನಲ್ಲಿಗಳನ್ನು ತೆರೆದು ಕೊಳವೆಯಲ್ಲಿ ಉಳಿದ ನೀರನ್ನು ಅತ್ತ ಹರಿಸಬೇಕು. ಸರಕನ್ನು ಎತ್ತುವುದು ಅನಂತರ.

ಮುಖ್ಯ ವಾಲ್ವ್ ಎಲ್ಲಿದೆಯೆಂಬುದು ಮಾಲೀಕರಿಗೆ ಮಾತ್ರ ಗೊತ್ತಿದ್ದು, ಮಾಲೀಕರು ಮೈಸೂರಿಗೆ ಹೋಗಿದ್ದರೆ? ವಾಲ್ವಿಗೆ ಕೆಂಪು ಬಣ್ಣ ಬಳಿದು, ಗುಮಾಸ್ತರಿಂದ ಕಾವಲುಗಾರರವರೆಗೆ ಎಲ್ಲರಿಗೂ ಅದನ್ನು ತೋರಿಸಿರಬೇಕು. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ ಬೇಕಾದಾಗ ತಿರುಗುವುದಿಲ್ಲ, ಬಲವಂತ ಮಾಡಿದರೆ ಅದರ ಕಡ್ಡಿಯೇ ಮುರಿಯುತ್ತದೆ. ಮೂರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ, ಪೂರ್ತಿ ತೆರೆದು, ಕಾಲು ಸುತ್ತು ಹಿಂದಕ್ಕೆ ತಿರುಗಿಸಿಡುವುದು ಒಳ್ಳೆಯ ಪದ್ಧತಿ.

ತಾತ್ಕಾಲಿಕವಾಗಿ, ಒಡಕಿನ ಮೇಲೆ ಸೈಕಲ್ ಟ್ಯೂಬಿನ ರಬ್ಬರನ್ನು ಸುತ್ತಿ ಎರಡು ಹೋಸ್ ಕ್ಲಿಪ್ಪುಗಳಿಂದ ಬಿಗಿದರೆ ಆ ದಿನದ ಕೆಲಸ ನಡೆಯುತ್ತದೆ. ಎಂ-ಸೀಲ್ ಸಣ್ಣ ಜಿನುಗಿಗೆ ಸಾಕು. ಆದರೆ ಒತ್ತಡವಿಲ್ಲದ, ಒಣಗಿದ ಮೇಲ್ಮೈಯ ಮೇಲೆ ಮಾತ್ರ ಅದು ಹಿಡಿಯುತ್ತದೆ. ಇವೆಲ್ಲ ಪ್ಲಂಬರ್ ಬರುವವರೆಗಿನ ಉಪಾಯಗಳೇ ಹೊರತು ದುರಸ್ತಿಯಲ್ಲ. ತಾತ್ಕಾಲಿಕ ಟ್ಯೂಬು ಮೂರು ವರ್ಷದಿಂದ ಹಾಗೆಯೇ ಇರುವ ಆವರಣಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಪಿ.ವಿ.ಸಿ. ದುರಸ್ತಿಯಲ್ಲಿ ಸಾಮಾನ್ಯವಾಗಿ ಕೆಡುವುದು ಅವಸರದಿಂದ. ಒಡೆದ ಭಾಗದ ಎರಡೂ ಕಡೆ ಚೆನ್ನಾಗಿರುವವರೆಗೆ ನೇರವಾಗಿ ಕತ್ತರಿಸಿ, ಅಂಚಿನ ಸಿಬಿರನ್ನು ಉಜ್ಜಿ ತೆಗೆದು, ಒಣಬಟ್ಟೆಯಿಂದ ಒರೆಸಿ, ಕೊಳವೆಗೂ ಕಾಲರಿಗೂ ತೆಳುವಾಗಿ ಸಲ್ಯೂಷನ್ ಸವರಿ, ಕಾಲು ಸುತ್ತು ತಿರುಗಿಸುತ್ತಾ ತಳದವರೆಗೆ ತೂರಿಸಿ ಅರ್ಧ ನಿಮಿಷ ಹಿಡಿದಿರಬೇಕು. ಒಳಗೆ ತೇವವಿದ್ದರೆ ಜೋಡಣೆ ನಿಲ್ಲದು. ಪಂಪಿನ ಒತ್ತಡದ ಲೈನಾದರೆ ಒಂದು ದಿನ ಕಾಯುವುದು ಕ್ಷೇಮ. ಜಿ.ಐ. ಕೊಳವೆಯ ತೂತಿಗೆ ವೆಲ್ಡಿಂಗ್ ಮಾಡಿಸಬಾರದು: ಸತುವಿನ ಲೇಪ ಸುಟ್ಟುಹೋಗಿ ಆ ಜಾಗವೇ ಮೊದಲು ತುಕ್ಕು ಹಿಡಿಯುತ್ತದೆ, ಅದರ ಹೊಗೆಯೂ ಹಾನಿಕರ. ಕೊಂಡ ಜಿ.ಐ. ಕೊಳವೆಯ ದರ್ಜೆಯನ್ನು ಅದರ ಬಣ್ಣದ ಪಟ್ಟಿಯಿಂದ ತಿಳಿಯಬಹುದು: ಹಳದಿ ಹಗುರ, ನೀಲಿ ಮಧ್ಯಮ, ಕೆಂಪು ಭಾರ. ನೆಲದಡಿಗೆ ಹಳದಿ ಪಟ್ಟಿಯದನ್ನು ಹಾಕಿಸಿ ಉಳಿತಾಯವಾಯಿತೆಂದು ಭಾವಿಸುವುದು ಸರಿಯಲ್ಲ. ಪಿ.ವಿ.ಸಿ.ಗೆ ಐ.ಎಸ್. 4985, ಸಿ.ಪಿ.ವಿ.ಸಿ.ಗೆ ಐ.ಎಸ್. 15778, ಎಚ್.ಡಿ.ಪಿ.ಇ.ಗೆ ಐ.ಎಸ್. 4984 ಎಂಬ ಸಂಖ್ಯೆಗಳು ಐ.ಎಸ್.ಐ. ಗುರುತಿನೊಡನೆ ಕೊಳವೆಯ ಮೇಲೆಯೇ ಇರಬೇಕು. ಒಂದೇ ಲೈನು ವರ್ಷದಲ್ಲಿ ಮೂರನೆಯ ಬಾರಿ ಸೋರಿದರೆ ತೇಪೆ ನಿಲ್ಲಿಸಿ ಇಡೀ ಲೈನನ್ನು ಬದಲಿಸುವುದೇ ಲಾಭಕರವೆಂಬುದು ಈ ಲೇಖಕನ ಅಭಿಪ್ರಾಯ, ಹಳೆಯ ಜಿ.ಐ. ಕೊಳವೆಗೆ ರೆಂಚು ಹಾಕಿ ಒಂದು ಜೋಡಣೆಯನ್ನು ಬಿಗಿಮಾಡಿದಾಗ ಮುಂದಿನ ಜೋಡಣೆ ಸಡಿಲಗೊಳ್ಳುವುದು ಪ್ಲಂಬರುಗಳ ನಿತ್ಯದ ಅನುಭವ.

ಬೀದಿಯ ಕೊಳವೆ ಮತ್ತು ನಮ್ಮ ಹೊಣೆ

ರಸ್ತೆಯಲ್ಲಿನ ಕೊಳವೆ ಒಡೆದರೆ ಚಾಮರಾಜನಗರದಲ್ಲಿ ನಗರಸಭೆಗೆ, ಗುಂಡ್ಲುಪೇಟೆಯಲ್ಲಿ ಪುರಸಭೆಗೆ ದೂರು ಸಲ್ಲಿಸತಕ್ಕದ್ದು. ನೀರುಗಂಟಿಯವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಕೆಲಸ ಬೇಗ ಆಗಬಹುದು, ಆದರೆ ದಿನಾಂಕವಿರುವ ಲಿಖಿತ ದೂರಿನ ಪ್ರತಿ ಕೈಯಲ್ಲಿದ್ದರೆ ಮುಂದೆ ಗೋಡೆ ಕುಸಿದಾಗ ಅಥವಾ ಸರಕು ನೆನೆದಾಗ ಆಧಾರವಾಗುತ್ತದೆ. ಅನುಮತಿಯಿಲ್ಲದೆ ರಸ್ತೆಯನ್ನು ತಾವೇ ಅಗೆಸಬಾರದು. ದೊಡ್ಡಂಗಡಿ ಬೀದಿ, ಚಿಕ್ಕಂಗಡಿ ಬೀದಿಗಳಂಥ ಗೋಡೆಗೆ ಗೋಡೆ ಹೊಂದಿಕೊಂಡ ಅಂಗಡಿಗಳಿರುವೆಡೆ ಒಬ್ಬರ ಸೋರಿಕೆಯು ಪಕ್ಕದವರ ಗೋದಾಮಿನಲ್ಲಿ ಕಾಣಿಸಿಕೊಳ್ಳಬಹುದು. ಜಗಳಕ್ಕೆ ಮೊದಲು ಇಬ್ಬರೂ ಒಂದೇ ರಾತ್ರಿ ಮೀಟರ್ ಪರೀಕ್ಷೆ ಮಾಡಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ.

ಇನ್ನೊಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಬೀದಿಯ ಕೊಳವೆಗೆ ನೇರವಾಗಿ ಮೋಟಾರು ಹಾಕಿ ನೀರೆಳೆಯುವವರು ನಮ್ಮಲ್ಲಿಯೂ ಇದ್ದಾರೆ. ಹಾಗೆ ಎಳೆದಾಗ ಕೊಳವೆಯೊಳಗೆ ನಿರ್ವಾತವುಂಟಾಗಿ, ಎಲ್ಲಿ ಒಡಕಿದೆಯೋ ಅಲ್ಲಿಂದ ಸುತ್ತಲಿನ ಕೊಳಚೆಯು ಒಳಕ್ಕೆ ಬರುತ್ತದೆ. ನೀರು ನಿಂತಾಗ ಹೊರಕ್ಕೆ ಸೋರುವ ರಂಧ್ರವೇ ಒಳಕ್ಕೆ ಹೀರುವ ರಂಧ್ರವಾಗುವುದು ಹೀಗೆ. ಚರಂಡಿಯ ಮೂಲಕ ಹಾದುಹೋಗುವ ಸರ್ವೀಸ್ ಕೊಳವೆಗಳಿರುವ ಊರುಗಳಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯ. 2024ರ ಮೇ ತಿಂಗಳಿನಲ್ಲಿ ಪಕ್ಕದ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಅಸ್ವಸ್ಥರಾದರು, ಒಬ್ಬ ಯುವಕ ಮೃತಪಟ್ಟ. ಹೋಟೆಲು, ಬೇಕರಿ, ಐಸ್ ತಯಾರಿಕೆ ನಡೆಸುವವರು ಬೀದಿಯ ಕೊಳವೆ ದುರಸ್ತಿಯಾದ ದಿನ ಮೊದಲು ಬರುವ ನೀರನ್ನು ಹೊರಕ್ಕೆ ಬಿಟ್ಟು, ಕ್ಲೋರಿನ್ ಪರೀಕ್ಷೆಯ ನಂತರವೇ ಸಂಪಿಗೆ ತಿರುಗಿಸಬೇಕು. ಶೇಷ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂಬುದು ಭಾರತೀಯ ಮಾನಕ.

ಊರಿನ ಮಟ್ಟದಲ್ಲಿ ಸೋರಿಕೆಯನ್ನು ತಗ್ಗಿಸುವುದು ಅಸಾಧ್ಯವೆಂಬ ನಿರಾಶೆ ಬೇಡ. ಕಾಂಬೋಡಿಯದ ರಾಜಧಾನಿ ನೋಮ್ ಪೆನ್ನಿನಲ್ಲಿ 1993ರಲ್ಲಿ ಲೆಕ್ಕಕ್ಕೆ ಸಿಗದೆ ಹೋಗುತ್ತಿದ್ದ ನೀರು ಶೇ. 72. ಹಳೆಯ ಕೊಳವೆಗಳನ್ನು ಬದಲಿಸಿ, ಪ್ರತಿ ಸಂಪರ್ಕಕ್ಕೂ ಮೀಟರ್ ಅಳವಡಿಸಿ, ಅಕ್ರಮ ಸಂಪರ್ಕಗಳನ್ನು ತೆಗೆದುದರಿಂದ 2008ರ ವೇಳೆಗೆ ಅದು ಶೇ. 6ರ ಆಸುಪಾಸಿಗೆ ಇಳಿಯಿತು. ನಮ್ಮ ರಾಜ್ಯದಲ್ಲಿಯೇ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಬಡಾವಣೆಗಳಲ್ಲಿ ಅದೇ ದಶಕದಲ್ಲಿ ಕೊಳವೆಗಳನ್ನು ಹೊಸದಾಗಿ ಹಾಕಿ ದಿನದ 24 ಗಂಟೆಯೂ ನೀರು ಕೊಡಲಾಯಿತು. ಕೇಂದ್ರ ಸರ್ಕಾರವು ನಗರಗಳಿಗೆ ನಿಗದಿಪಡಿಸಿರುವ ಮಟ್ಟ ಶೇ. 20.

ವಿಮೆ ಮತ್ತು ತೆರಿಗೆ

ಸಣ್ಣ ಉದ್ಯಮಿಗಳು ಬ್ಯಾಂಕಿನ ಒತ್ತಾಯಕ್ಕೆ ವಿಮೆ ಮಾಡಿಸಿ, ಪಾಲಿಸಿಯನ್ನು ಓದದೆ ಬೀರುವಿನಲ್ಲಿಡುವುದೇ ಹೆಚ್ಚು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ (ಒಂದು ಸ್ಥಳದ ಸ್ವತ್ತಿನ ಮೌಲ್ಯ 5 ಕೋಟಿ ರೂಪಾಯಿವರೆಗೆ) ಮತ್ತು ‘ಭಾರತ್ ಲಘು ಉದ್ಯಮ ಸುರಕ್ಷಾ’ (5 ಕೋಟಿಗೆ ಮೇಲ್ಪಟ್ಟು 50 ಕೋಟಿವರೆಗೆ) ಪಾಲಿಸಿಗಳಲ್ಲಿ ಬೆಂಕಿಯ ಜೊತೆಗೆ ನೀರಿನ ತೊಟ್ಟಿ, ಉಪಕರಣ ಮತ್ತು ಕೊಳವೆಗಳು ಒಡೆಯುವುದರಿಂದ ಅಥವಾ ಉಕ್ಕಿ ಹರಿಯುವುದರಿಂದ ಆಗುವ ಹಾನಿಯೂ ಸೇರಿದೆ. ಆದರೆ ತಿಂಗಳುಗಟ್ಟಲೆ ಜಿನುಗಿ ಗೋಡೆ ಕೊಳೆತದ್ದು ನಿರ್ವಹಣೆಯ ಲೋಪವೆನಿಸುತ್ತದೆ, ಅದಕ್ಕೆ ಪರಿಹಾರ ದೊರೆಯುವುದು ಕಷ್ಟ. ಗೋದಾಮಿನ ಸರಕನ್ನು ವಿಮಾ ಮೊತ್ತದಲ್ಲಿ ಸೇರಿಸಿದೆಯೇ, ಅಥವಾ ಕಟ್ಟಡ ಮತ್ತು ಯಂತ್ರಗಳು ಮಾತ್ರವೇ ಎಂಬುದನ್ನು ಇಂದೇ ನೋಡಿಕೊಳ್ಳಬೇಕು. ಬಾಡಿಗೆ ಮಳಿಗೆಯಾದರೆ ಒಳಗಿನ ಕೊಳವೆಗಳ ದುರಸ್ತಿ ಯಾರ ಹೊಣೆ ಎಂಬುದು ಕರಾರು ಪತ್ರದಲ್ಲಿ ಸ್ಪಷ್ಟವಾಗಿರಬೇಕು.

ಹಾನಿಯಾದಾಗ ವಿಮಾ ಕಂಪನಿಗೆ ಕೂಡಲೇ ಲಿಖಿತವಾಗಿ ತಿಳಿಸಬೇಕು. ಒಡೆದ ಕೊಳವೆಯ ತುಂಡನ್ನೂ ನೆನೆದ ಮೂಟೆಗಳನ್ನೂ ಸಮೀಕ್ಷಕರು ನೋಡುವವರೆಗೆ ವಿಲೇವಾರಿ ಮಾಡಬಾರದು. ಹಾಗೆಂದು ನೆನೆದ ಅರಿಶಿನವನ್ನು ಒಣಗಿದ ಅರಿಶಿನದೊಡನೆ ಬಿಟ್ಟು ಬೂಸ್ಟು ಹಿಡಿಸಿದರೂ ಕ್ಲೇಮಿಗೆ ಧಕ್ಕೆ. ಹಾನಿಯನ್ನು ಹೆಚ್ಚಲು ಬಿಡದಿರುವುದು ವಿಮೆದಾರನ ಕರ್ತವ್ಯವೇ. ಛಾಯಾಚಿತ್ರ ತೆಗೆದುಕೊಂಡು ಬೇರ್ಪಡಿಸಿ ಒಣಗಿಸಬೇಕು. ಮೂಟೆಗಳನ್ನು ನೆಲದಿಂದ ಆರು ಅಂಗುಲ ಎತ್ತರದ ಮರದ ಹಲಗೆಗಳ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಜೋಡಿಸಿದ ಗೋದಾಮಿನಲ್ಲಿ ಇಂಥ ಪ್ರಸಂಗವೇ ಅಪರೂಪ.

ಸರಕು ಸಂಪೂರ್ಣ ನಾಶವಾದರೆ ಅದರ ಖರೀದಿಯ ಮೇಲೆ ಪಡೆದಿದ್ದ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕೆಂಬುದು 2017ರ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)(ಎಚ್) ಉಪಬಂಧದ ಫಲ. ನಾಶವಾಗದೆ ಗುಣ ಮಾತ್ರ ಕೆಟ್ಟು ಕಡಿಮೆ ಬೆಲೆಗೆ ಮಾರಾಟವಾದ ಸರಕಿಗೆ ಮಾರಾಟದ ಬೆಲೆಯ ಮೇಲೆ ತೆರಿಗೆ ಸಲ್ಲುತ್ತದೆ, ಜಮೆ ಉಳಿಯುತ್ತದೆ. ಆದುದರಿಂದ ಯಾವ ಮೂಟೆ ಯಾವ ವರ್ಗಕ್ಕೆ ಸೇರಿತೆಂಬ ಪಟ್ಟಿಯನ್ನು ಸಮೀಕ್ಷಕರ ಎದುರಿನಲ್ಲಿಯೇ ತಯಾರಿಸಿ ಸಹಿ ಪಡೆಯುವುದು ಉತ್ತಮ. ಹಿಂದಿರುಗಿಸಬೇಕಾದ ತೆರಿಗೆಯನ್ನು ಕ್ಲೇಮಿನ ಮೊತ್ತದಲ್ಲಿ ಹೇಗೆ ತೋರಿಸಬೇಕೆಂಬುದನ್ನು ಕ್ಲೇಮು ಸಲ್ಲಿಸುವುದಕ್ಕೆ ಮೊದಲೇ ತಮ್ಮ ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳಬೇಕು. ಸಮೀಕ್ಷಾ ವರದಿ ಸಿದ್ಧವಾದ ಮೇಲೆ ಅದನ್ನು ಸೇರಿಸುವುದು ಸುಲಭವಲ್ಲ.